ಮೊಟ್ಟೆ ಹೊತ್ತ ವೇಲ್ಡ್ ಊಸರವಳ್ಳಿ: ಮರಳಿನ ಡಬ್ಬಿಯಿಂದ ಮರಿಯವರೆಗೆ

ಸಾಕಿದ ವೇಲ್ಡ್ ಊಸರವಳ್ಳಿಗಳಲ್ಲಿ ಹೆಣ್ಣು ಅಕಾಲದಲ್ಲಿ ಸತ್ತರೆ ಮೊದಲು ಅನುಮಾನಿಸಬೇಕಾದದ್ದು ಒಳಗೇ ಉಳಿದ ಮೊಟ್ಟೆಗಳನ್ನು. ಗಂಡಿನ ಮುಖವನ್ನೇ ನೋಡದ ಹೆಣ್ಣೂ ಫಾರಂ ಕೋಳಿಯ ಹಾಗೆ ಮೊಟ್ಟೆ ಕಟ್ಟುತ್ತದೆ. ಗಂಡು ತಂದಿಲ್ಲವಲ್ಲ, ಇನ್ನೇನು ಚಿಂತೆ ಅಂದುಕೊಂಡರೆ ಅಲ್ಲೇ ಎಡವಟ್ಟು. ಹೆಣ್ಣಿಗೆ 4-5 ತಿಂಗಳು ತುಂಬುವ ಹೊತ್ತಿಗೆ ಪಂಜರದೊಳಗೆ ಮೊಟ್ಟೆ ಇಡಲು ಮರಳಿನ ಡಬ್ಬಿ ಇರಬೇಕು, ಮತ್ತೆ ಅಲ್ಲಿಂದ ಕದಲಬಾರದು.

ಈ ಜಾತಿ ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಮೂಲೆಯದು. ಅಮೆರಿಕ, ಯುರೋಪಿನಲ್ಲಿ ಪಂಜರದಲ್ಲೇ ಹುಟ್ಟಿದ ಮರಿಗಳು ಸಿಗುತ್ತವೆ. ಭಾರತದಲ್ಲಿರುವವರು ಎರಡು ಮಾತು ತಿಳಿದಿರಲಿ. ನಮ್ಮ ಬೇಲಿಸಾಲಿನ ಊಸರವಳ್ಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದನ್ನು ಹಿಡಿದು ಸಾಕುವುದು ಅಪರಾಧ. ವೇಲ್ಡ್ ವಿದೇಶಿ ಜಾತಿ, ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವಂಥದು. 2022ರ ತಿದ್ದುಪಡಿಯ ನಂತರ ಅದನ್ನು ಇಟ್ಟುಕೊಳ್ಳಲು ನೋಂದಣಿ ಬೇಕು.

ಡಬ್ಬಿ ಹೇಗಿರಬೇಕು

ಉದ್ದ, ಅಗಲ ತಲಾ 30 ಸೆಂ.ಮೀ. ಇರುವ, ಒಳಗಿನದು ಕಾಣದ ಪ್ಲಾಸ್ಟಿಕ್ ಡಬ್ಬಿ ಅಥವಾ ಅಗಲ ಬಾಯಿಯ ಬಕೆಟ್ ಸಾಕು. ಅದರಲ್ಲಿ 25ರಿಂದ 30 ಸೆಂ.ಮೀ. ಆಳಕ್ಕೆ ತೊಳೆದ ಸಣ್ಣ ಮರಳು ತುಂಬಿ. ಬರೀ ಮರಳು ನಿಲ್ಲದಿದ್ದರೆ ಗೊಬ್ಬರ, ಔಷಧಿ ಬೆರೆಸದ ಮಣ್ಣನ್ನು ಸಮಪಾಲು ಸೇರಿಸಬಹುದು. ವರ್ಮಿಕ್ಯುಲೈಟ್ (ಗಿಡದ ಕುಂಡಕ್ಕೆ ಬೆರೆಸುವ, ನೀರು ಹೀರುವ ಹಗುರ ಖನಿಜ) ಇಲ್ಲಿಗೆ ಆಗದು, ಸುರಂಗ ಕುಸಿಯುತ್ತದೆ. ಮುಷ್ಟಿಯಲ್ಲಿ ಹಿಸುಕಿದರೆ ಮರಳು ಉಂಡೆಯಾಗಬೇಕು, ಆದರೆ ನೀರು ತೊಟ್ಟಿಕ್ಕಬಾರದು. ಆಮೇಲೆ ಎರಡು ಬೆರಳು ಓರೆಯಾಗಿ ತೂರಿಸಿ ತೆಗೆಯಿರಿ. ತೂತು ಹಾಗೇ ನಿಂತರೆ ಹದ ಸರಿಯಾಗಿದೆ. ಅದನ್ನು ಮುಚ್ಚಬೇಡಿ, ಕೆಲವು ಹೆಣ್ಣುಗಳು ಅಲ್ಲಿಂದಲೇ ತೋಡಲು ಶುರುಮಾಡುತ್ತವೆ. ಮಂಜಿನಂತೆ ಸಿಂಪಡಿಸುವ ನೀರೆಲ್ಲ ಡಬ್ಬಿಗೇ ಇಳಿಯುವುದರಿಂದ ತಳದಲ್ಲಿ ನಾಲ್ಕಾರು ಸಣ್ಣ ರಂಧ್ರಗಳಿರಲಿ. ಇಳಿದು ಹತ್ತಲು ಒಂದು ಕೊಂಬೆ ಒರಗಿಸಿಡಿ.

ಊಟ, ಬಿಸಿಲು, ಸುಣ್ಣ

ಒಂದು ಸಲಕ್ಕೆ 20-30 ಮೊಟ್ಟೆ ಇಟ್ಟರೆ ಹೆಣ್ಣು ತಡೆದುಕೊಳ್ಳುತ್ತದೆ. 60, 80 ಇಡುವ ಹೆಣ್ಣುಗಳೂ ಇವೆ, ಅದು ಹೆಮ್ಮೆಪಡುವ ವಿಷಯವಲ್ಲ. ಎಷ್ಟು ತಿಂದರೆ, ಎಷ್ಟು ಬಿಸಿಲು ಕಾದರೆ ಅಷ್ಟು ಮೊಟ್ಟೆ. ಬೆಳವಣಿಗೆ ಮುಗಿದ ಹೆಣ್ಣಿಗೆ ದಿನ ಬಿಟ್ಟು ದಿನ 3-4 ಹುಳು ಸಾಕು. ಬಿಸಿಲು ಕಾಯುವ ಜಾಗದಲ್ಲಿ 27 ಡಿಗ್ರಿ ಸೆಲ್ಸಿಯಸ್ ಮೀರದಿರಲಿ. ಗಂಡಿಗೆ ಕೊಡುವ 30-32 ಡಿಗ್ರಿ ಇದಕ್ಕೆ ಬೇಡ.

ಮೊಟ್ಟೆಯ ಸಿಪ್ಪೆಗೆ ಬೇಕಾದ ಸುಣ್ಣದಂಶ ಊಟದಲ್ಲಿ ಸಿಗದಿದ್ದರೆ ದೇಹ ಅದನ್ನು ಮೂಳೆಯಿಂದಲೇ ಕೀಳುತ್ತದೆ. ರಂಜಕವಿಲ್ಲದ, ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ಪ್ರತಿ ಊಟದ ಹುಳುಗಳಿಗೂ ತೆಳ್ಳಗೆ ಹೊರಳಿಸಿ ಕೊಡಿ. ಡಿ3 ಇರುವುದನ್ನು ತಿಂಗಳಿಗೆ ಎರಡು ಸಲ ಮಾತ್ರ. ಯುವಿಬಿ ಬೆಳಕು (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಇಲ್ಲದಿದ್ದರೆ ಬರೀ ಪುಡಿಯನ್ನು ನೆಚ್ಚಿಕೊಂಡು ಪ್ರಯೋಜನವಿಲ್ಲ. ಉದ್ದನೆಯ ಟಿ5 ಟ್ಯೂಬ್, ಯುವಿಬಿ ಶೇ. 5-6 ಎಂದು ಬರೆದಿರುವಂಥದ್ದು, ಕೂರುವ ಕೊಂಬೆಯಿಂದ ಸುಮಾರು 20-25 ಸೆಂ.ಮೀ. ಮೇಲಿರಲಿ. ಉರಿಯುತ್ತಿದೆಯಲ್ಲ ಅಂತ ಬಿಡದೆ ವರ್ಷಕ್ಕೊಮ್ಮೆ ಬದಲಿಸಿ. ಬೆಳಕು ಕಾಣುತ್ತಿದ್ದರೂ ಒಳಗಿನ ಯುವಿಬಿ ಇಳಿದಿರುತ್ತದೆ.

ಜೋಡಿ ಕೂಡಿಸುವುದು

ಹೆಣ್ಣಿಗೆ ಕನಿಷ್ಠ 1 ವರ್ಷ ಆಗಿರಬೇಕು. ಆರು ತಿಂಗಳಿಗೇ ಅದು ಒಪ್ಪೀತು, ಆದರೆ ಆ ವಯಸ್ಸಿನಲ್ಲಿ ಮೂಳೆಯೇ ಗಟ್ಟಿಯಾಗಿರುವುದಿಲ್ಲ. ಗಂಡನ್ನು ಮೊದಲು ದೂರದಿಂದ ತೋರಿಸಿ. ಹೆಣ್ಣು ತಿಳಿಹಸಿರಾಗಿಯೇ ಉಳಿದು, ಮೈಮೇಲೆ ತೆಳುನೀಲಿ ಚುಕ್ಕೆ ಮೂಡಿ, ನಿಧಾನಕ್ಕೆ ನಡೆದರೆ ಒಪ್ಪಿಗೆ. ಮೈ ಕಪ್ಪಾಗಿ, ಬಾಯಿ ಅಗಲಿಸಿ, ಬುಸುಗುಟ್ಟುತ್ತ ತೂಗಾಡಿದರೆ ಆ ದಿನಕ್ಕೆ ಬಿಟ್ಟುಬಿಡಿ. ಇಂಥ ಸೂಚನೆ ಕಂಡೂ ಒಳಗೆ ಬಿಟ್ಟರೆ ಕಚ್ಚಾಟ ಖಂಡಿತ.

ಒಪ್ಪಿದರೆ ಹೆಣ್ಣನ್ನು ಗಂಡಿನ ಪಂಜರಕ್ಕೆ ಬಿಡಿ. ಕೂಡಿಕೆ ಹತ್ತರಿಂದ ಮೂವತ್ತು ನಿಮಿಷ ನಡೆಯಬಹುದು, ಅದೇ ದಿನ ಮತ್ತೆಯೂ ಆಗಬಹುದು. ಹೆಣ್ಣು ಕಡುಹಸಿರಿಗೆ ತಿರುಗಿ ಹಳದಿ, ನೀಲಿ ಚುಕ್ಕೆಗಳು ಎದ್ದು ಕಂಡ ಕೂಡಲೇ ಹೊರತೆಗೆಯಿರಿ. ಇದು ಇನ್ನು ಹತ್ತಿರ ಬರಬೇಡ ಎಂಬ ಬಣ್ಣ. ಒಂದು ಸಲದ ವೀರ್ಯವನ್ನು ಹೆಣ್ಣು ಒಳಗೆ ಉಳಿಸಿಕೊಂಡು, ಮೂರು-ನಾಲ್ಕು ತಿಂಗಳ ಮೇಲೆ ಇನ್ನೊಂದು ಗಂಡಿಲ್ಲದೆಯೇ ಫಲಿತ ಮೊಟ್ಟೆ ಇಡಬಲ್ಲದು. ಎರಡನೇ ಸಲ ಕೂಡಿಸಲು ಆತುರಪಡಬೇಕಿಲ್ಲ.

ಇಡುವ ದಿನಗಳು

ಕೂಡಿದ ಮೇಲೆ ಸಾಮಾನ್ಯವಾಗಿ 20ರಿಂದ 30 ದಿನ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕೊನೆಗೊನೆಗೆ ಪಕ್ಕೆಗಳ ಕೆಳಗೆ ಗೋಲಿ ತುಂಬಿದಂತೆ ಉಬ್ಬುಗಳು ಕಾಣುತ್ತವೆ. ಅವನ್ನು ಒತ್ತಿ ಎಣಿಸಲು ಹೋಗಬೇಡಿ. ಆಮೇಲೆ ಊಟ ಬಿಡುತ್ತದೆ, ನೀರು ಮಾತ್ರ ಕುಡಿಯುತ್ತದೆ. ಮೇಲಿನ ಕೊಂಬೆ ಬಿಟ್ಟು ನೆಲದಲ್ಲಿ ಓಡಾಡುತ್ತ ಮೂಲೆ ಕೆರೆಯುತ್ತದೆ.

ಈಗ ಮಾಡಬೇಕಾದದ್ದು ದೂರ ಇರುವುದು. ಪಂಜರದ ಮೂರು ಕಡೆ ಬಟ್ಟೆ ಹೊದಿಸಿ, ಮಕ್ಕಳನ್ನೂ ಬೆಕ್ಕನ್ನೂ ಆ ಕೋಣೆಗೆ ಬಿಡಬೇಡಿ. ತೋಡುವಾಗ ನಿಮ್ಮನ್ನು ಕಂಡರೆ ಅರ್ಧಕ್ಕೇ ಬಿಟ್ಟು ಮೇಲೇರಿಬಿಡಬಹುದು. ಹಾಗೆ ಎರಡು ಮೂರು ಸಲ ಆದರೆ ಮೊಟ್ಟೆ ಒಳಗೇ ನಿಲ್ಲುತ್ತದೆ. ನೋಡಲೇಬೇಕೆಂದರೆ ಹಳೆಯ ಫೋನಿನ ಕ್ಯಾಮೆರಾ ಇಟ್ಟು ಪಕ್ಕದ ಕೋಣೆಯಿಂದ ನೋಡಿ. ದೀಪಗಳು ದಿನದಂತೆಯೇ ಹತ್ತಿ ಆರಲಿ. ರಾತ್ರಿ ಸುರಂಗದಲ್ಲೇ ಮಲಗಿದರೆ ಎತ್ತಬೇಡಿ. ಒಂದೆರಡು ದಿನ ತೋಡುವುದು ಸಹಜ. ಇಟ್ಟು ಮುಗಿದ ಮೇಲೆ ಗುಂಡಿ ಮುಚ್ಚಿ ಕಾಲಿಂದ ತುಳಿದು ಗಟ್ಟಿ ಮಾಡುತ್ತದೆ. ಆ ಕೆಲಸ ಅದೇ ಮುಗಿಸಲಿ, ನೀವು ಮೊಟ್ಟೆ ತೆಗೆಯುವುದು ಆಮೇಲೆ.

ಸರೀಸೃಪಗಳನ್ನು ನೋಡುವ ಪಶುವೈದ್ಯರ ನಂಬರನ್ನು ಇದಕ್ಕೂ ಮೊದಲೇ ಹುಡುಕಿಟ್ಟುಕೊಳ್ಳಿ, ನಾಯಿ-ಬೆಕ್ಕಿನ ವೈದ್ಯರೆಲ್ಲರಿಗೂ ಇದು ಗೊತ್ತಿರುವುದಿಲ್ಲ. ಹಗಲಲ್ಲೇ ಕಣ್ಣು ಮುಚ್ಚಿ ನೆಲದ ಮೇಲೆ ಕೂತಿದ್ದರೆ, ಕೊಂಬೆ ಹಿಡಿಯಲಾಗದಿದ್ದರೆ, ಬೆರಳು ಅದುರುತ್ತಿದ್ದರೆ, ಎರಡು-ಮೂರು ಮೊಟ್ಟೆಗಳನ್ನು ಕೊಂಬೆಯಿಂದಲೇ ಉದುರಿಸಿದ್ದರೆ ಅದೇ ದಿನ ಹೋಗಿ. ಕೂಡಿ 35 ದಿನವಾದರೂ ಇಟ್ಟಿಲ್ಲ ಅಂದರೂ ಹೋಗಿ. ಎಕ್ಸ್‌ರೇ ನೋಡಿದರೆ ಸಿಪ್ಪೆ ಕಟ್ಟಿದೆಯೇ ಇಲ್ಲವೇ ತಿಳಿಯುತ್ತದೆ. ಕ್ಯಾಲ್ಸಿಯಂ, ಆಕ್ಸಿಟೋಸಿನ್ ಚುಚ್ಚುಮದ್ದಿನಿಂದ ಕೆಲವು ಇಡುತ್ತವೆ, ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿ. ಬೆಚ್ಚಗಿನ ನೀರಲ್ಲಿ ಕೂರಿಸುವ ಮನೆಮದ್ದು ಬೇಡ, ಊಸರವಳ್ಳಿಗೆ ಅದರಿಂದ ಗಾಬರಿಯೊಂದೇ ಲಾಭ.

ಇಟ್ಟು ಬಂದ ಹೆಣ್ಣು ಬಡಕಲಾಗಿ, ಮಣ್ಣು ಮೆತ್ತಿಕೊಂಡಿರುತ್ತದೆ. ಅರ್ಧ ಗಂಟೆ ಮಂಜಿನಂತೆ ನೀರು ಬಿಡಿ. ಎರಡು ಮೂರು ದಿನ ಹೊಟ್ಟೆ ತುಂಬ ಕೊಟ್ಟು ಮತ್ತೆ ಹಳೆಯ ಲೆಕ್ಕಕ್ಕೆ ಬನ್ನಿ. ಈ ದಿನಗಳಿಗೆ ರೇಷ್ಮೆಹುಳಕ್ಕಿಂತ ಒಳ್ಳೆಯದು ಬೇರೆ ಇಲ್ಲ: ಮೆತ್ತಗಿರುತ್ತದೆ, ನೀರಿನಂಶ ಹೆಚ್ಚು, ಕೊಬ್ಬು ಕಡಿಮೆ. ವೇಲ್ಡ್ ಎಲೆಯನ್ನೂ ತಿನ್ನುತ್ತದೆ, ಪಂಜರದಲ್ಲಿ ಔಷಧಿ ಹೊಡೆಯದ ದಾಸವಾಳದ ಗಿಡ ಇದ್ದರೆ ಕಡಿದುಕೊಳ್ಳುತ್ತದೆ.

ಮೊಟ್ಟೆ ಕಾಯುವುದು

ಚಮಚದಿಂದ ಮರಳು ಸರಿಸಿ, ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅದೇ ಭಂಗಿಯಲ್ಲಿ ಎತ್ತಿಡಿ. 100 ಗ್ರಾಂ ವರ್ಮಿಕ್ಯುಲೈಟ್‌ಗೆ 80-100 ಗ್ರಾಂ ನೀರು ಕಲಸಿ ಮುಚ್ಚಳದ ಡಬ್ಬಿಗೆ ಹಾಕಿ. ಮೊಟ್ಟೆಗಳು ಅರ್ಧ ಹುದುಗಿರಲಿ, ನಡುವೆ 2 ಸೆಂ.ಮೀ. ಜಾಗವಿರಲಿ, ಮುಚ್ಚಳಕ್ಕೆ ಒಂದೆರಡು ಸೂಜಿ ತೂತು ಸಾಕು. ಮೊದಲ ದಿನವೇ ಡಬ್ಬಿಯ ತೂಕ ಬರೆದಿಡಿ. ಕಡಿಮೆಯಾದಷ್ಟು ನೀರನ್ನು ಅಂಚಿಗೆ ಹಾಕಿದರಾಯಿತು, ಮೊಟ್ಟೆಯ ಮೇಲೆ ಬೀಳಬಾರದು. 25-28 ಡಿಗ್ರಿಯಲ್ಲಿ ಆರರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ. ಬೇಗ ಆಗಲಿ ಎಂದು ಬಿಸಿ ಏರಿಸಿದರೆ ಮರಿ ಬಲಹೀನವಾಗುತ್ತದೆ.

ಹಳದಿ ತಿರುಗಿ ಕುಸಿದು ಬೂಸ್ಟು ಹಿಡಿದದ್ದನ್ನು ತೆಗೆದುಬಿಡಿ. ಅನುಮಾನವಿದ್ದರೆ ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ನೋಡಿ, ಒಳಗೆ ಕೆಂಪು ಎಳೆಗಳು ಕಂಡರೆ ಜೀವವಿದೆ. ಒಡೆಯುವ ಮುನ್ನ ಮೊಟ್ಟೆ ಬೆವರುತ್ತದೆ, ಕುಗ್ಗುತ್ತದೆ. ಸಿಪ್ಪೆ ಸೀಳಿ ಮೂತಿ ಹೊರಗಿಟ್ಟ ಮರಿ ಒಂದು ದಿನ ಹಾಗೇ ಇರಬಹುದು. ಮೊಟ್ಟೆಯ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಎಳೆದು ತೆಗೆಯಬೇಡಿ.

ಮರಿಗಳಿಗೆ ರೆಕ್ಕೆ ಬಾರದ ಹಣ್ಣುನೊಣ, ಗುಂಡುಸೂಜಿ ತಲೆಯಷ್ಟು ಸಣ್ಣ ಮಿಡತೆಮರಿ ಕೊಡಿ. ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿದ್ದರೆ ಅದು ಗಂಡು, ಹುಟ್ಟಿದ ದಿನವೇ ಕಾಣುತ್ತದೆ. ಎರಡು ಮೂರು ತಿಂಗಳಿಗೆ ಎಲ್ಲವನ್ನೂ ಬೇರೆ ಬೇರೆ ಪಂಜರಕ್ಕೆ ಹಾಕಬೇಕು. ಮೂವತ್ತು ಪಂಜರಕ್ಕೆ ಜಾಗವಿಲ್ಲದವರು ಎಷ್ಟು ಬೇಕೋ ಅಷ್ಟೇ ಮೊಟ್ಟೆ ಉಳಿಸಿಕೊಂಡು ಮಿಕ್ಕವನ್ನು ಇಟ್ಟ ದಿನವೇ ಫ್ರೀಜರ್‌ನಲ್ಲಿಟ್ಟುಬಿಡುವುದು ಲೇಸು. ಹೊರಗೆ ಬಿಡುವಂತಿಲ್ಲ: ಫ್ಲೋರಿಡಾ, ಹವಾಯಿಯಲ್ಲಿ ಹಾಗೆ ಹೊರಬಿದ್ದ ವೇಲ್ಡ್‌ಗಳು ಅಲ್ಲೇ ನೆಲೆಯೂರಿವೆ, ಹವಾಯಿಯಲ್ಲಂತೂ ಈಗ ಅದನ್ನು ಸಾಕುವುದೇ ನಿಷಿದ್ಧ.