ಮೊದಲು ಚಾಕು ಅದ್ದಿ, ಆಮೇಲೆ ಪುಸ್ತಕ ತೆಗೆಯಿರಿ

ತೀರ್ಥಹಳ್ಳಿ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳು ತಾವೇ ಕೇಳಿ, ತಾವೇ ಮಾಡಿ ನೋಡಿ ಕಲಿತದ್ದು ಜಾಸ್ತಿ ದಿನ ಉಳಿಯುತ್ತದೆ ಅಂತ ಮನಸಾರೆ ನಂಬಿದವಳು. ಆದರೆ 40 ನಿಮಿಷದ ಪೀರಿಯಡ್‌ನಲ್ಲಿ ಅದನ್ನು ಮಾಡೋದು ಹೇಗೆ ಅಂತ ಹೊಸದಾಗಿ ಸೇರಿದ ಶಿಕ್ಷಕರು ಕೇಳುತ್ತಾರೆ. 7ನೇ ತರಗತಿಗೆ ಆಮ್ಲ, ಪ್ರತ್ಯಾಮ್ಲದ ಪಾಠವನ್ನು ನಾನು ಮಾಡುವ ಕ್ರಮ ಹೇಳುತ್ತೇನೆ.

ಮೊದಲ ಕೆಲವು ವರ್ಷ ಇದೇ ಪಾಠವನ್ನು ಲಿಟ್ಮಸ್ ಕಾಗದ ತೋರಿಸಿ ಮುಗಿಸುತ್ತಿದ್ದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಒಂದು ಮಳೆಗಾಲ ನನ್ನ ಕ್ಲಾಸಿನ ಹುಡುಗನೊಬ್ಬನ ಮನೆಯ ತೋಟದಲ್ಲಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ ಸರಿಯಾಗಿ ಕೂಡದೆ ಎಳೆ ಅಡಿಕೆ ಸುಟ್ಟುಹೋಯಿತು. ಆಮ್ಲ ಉಳಿದಿದೆಯಾ ಅಂತ ನೋಡುವ ವಿದ್ಯೆ ಅವನ ನೋಟ್‌ಬುಕ್ಕಿನಲ್ಲಿತ್ತು. ಅದಕ್ಕೂ ಮನೆಯ ಡ್ರಮ್ಮಿಗೂ ಸಂಬಂಧ ಇದೆ ಅಂತ ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಹಾಗಾಗಿ ಮೊದಲ ಕೆಲಸ, ಪ್ರಶ್ನೆಯನ್ನು ಪುಸ್ತಕದ ಕೊನೆಯಿಂದ ತೆಗೆಯಬೇಡಿ. ಮಕ್ಕಳ ಮನೆಯಲ್ಲಿ ಆ ವಾರ ಯಾವ ಮಾತು ನಡೆಯುತ್ತಿದೆ, ಅದನ್ನು ಹಿಡಿಯಿರಿ. ನಮ್ಮಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮಳೆ ಹಿಡಿಯುವ ಮೊದಲು ಬೋರ್ಡೋ, ಅಂದರೆ ಅದೇ ಕೊಳೆ ಔಷಧಿ, ಹೊಡೆಸಬೇಕು ಅನ್ನೋದೇ ಎಲ್ಲರ ಚಿಂತೆ. ಒಂದು ಕೆಜಿ ಮೈಲುತುತ್ತ (ತಾಮ್ರದ ನೀಲಿ ಉಪ್ಪು, ಕರಗಿದ ನೀರಿಗೆ ಆಮ್ಲದ ಗುಣ), ಒಂದು ಕೆಜಿ ಸುಣ್ಣ (ಇದು ಪ್ರತ್ಯಾಮ್ಲ), 100 ಲೀಟರ್ ನೀರು. ಈ ಲೆಕ್ಕ ಮಕ್ಕಳಿಗೆ ಬಾಯಿಪಾಠ ಇರುತ್ತದೆ. ನಾನು ಬೋರ್ಡಿನ ಮೇಲೆ ಬರೆಯುವುದು ಒಂದೇ ಸಾಲು: "ಲೆಕ್ಕ ಸರಿ ಇದ್ದರೂ ಒಮ್ಮೊಮ್ಮೆ ಔಷಧಿ ಯಾಕೆ ಕೆಡುತ್ತದೆ?"

ಬರೆದ ಮೇಲೆ ಸುಮ್ಮನಿರಿ. ಇದೇ ಎಲ್ಲಕ್ಕಿಂತ ಕಷ್ಟ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಣ ಮಾಡಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತಿತ್ತು, ಸುಮ್ಮನೆ ಕೂರುತ್ತಿದ್ದವರೂ ಮಾತಾಡುತ್ತಿದ್ದರು. ನಾನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಆರೋ ಏಳೋ ಆಗುವಾಗ ಹಿಂದಿನ ಬೆಂಚಿನಿಂದ ದನಿ ಬರುತ್ತದೆ.

ಬಂದ ಊಹೆಗಳನ್ನೆಲ್ಲ ಬರೆಯಿರಿ, ತಪ್ಪಿದ್ದರೂ. "ನೀರು ಜಾಸ್ತಿ ಆಗಿರುತ್ತೆ ಮೇಡಂ." "ಮೈಲುತುತ್ತ ಕಲಬೆರಕೆ." ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರ ಮಗಳೊಬ್ಬಳು ಹೇಳಿದ್ದು: "ಸುಣ್ಣ ಹಳೇದಾಗಿದ್ರೆ ಕೂಡಲ್ಲ ಅಂತ ಅಪ್ಪ ಹೇಳ್ತಾರೆ." ಉತ್ತರ ಸಿಕ್ಕಿತು ಅಂತ ನನಗೆ ಕುಣಿಯುವ ಹಾಗಾಯಿತು. ಆದರೂ ಮುಖದಲ್ಲಿ ತೋರಿಸಲಿಲ್ಲ. "ಅದನ್ನ ಹೇಗೆ ನೋಡೋದು?" ಅಂತಷ್ಟೇ ಕೇಳಿದೆ. ನೀವು "ಕರೆಕ್ಟ್!" ಅಂದುಬಿಟ್ಟರೆ ಉಳಿದವರು ಯೋಚಿಸುವುದನ್ನು ಅಲ್ಲಿಗೇ ಬಿಡುತ್ತಾರೆ.

ಪರೀಕ್ಷೆಯ ದಾರಿಯನ್ನೂ ಅವರೇ ಹುಡುಕಲಿ. ಒಬ್ಬ ಅರಿಶಿನದ ಕಾಗದ ಅಂದ. ಮಾಡಿದೆವು. ಔಷಧಿಯ ನೀಲಿಯೇ ಕಾಗದಕ್ಕೆ ಹತ್ತಿ, ಕೆಂಪಾಯಿತೋ ಇಲ್ಲವೋ ಅಂತ ಜಗಳ ಶುರುವಾಯಿತು. ಆಗ ಆ ಹುಡುಗಿ, ಅಪ್ಪ ಡ್ರಮ್ಮಿಗೆ ಚಾಕು ಅದ್ದಿ ನೋಡುತ್ತಾರೆ ಅಂದಳು.

ಶಾಲೆಗೆ ಅಳತೆ ಇಷ್ಟು ಸಾಕು: ಅರ್ಧ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಿಗೆ 10 ಗ್ರಾಂ ಸುಣ್ಣ. ಪ್ಲಾಸ್ಟಿಕ್ ಮಗ್ಗುಗಳೇ ಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಿರಿ. ಹೀಗೆ ಎರಡು ಜೊತೆ ಮಾಡಿ. ಒಂದಕ್ಕೆ ಹೊಸ ಸುಣ್ಣ, ಇನ್ನೊಂದಕ್ಕೆ ಬಾಯಿ ಬಿಚ್ಚಿಟ್ಟ ಹಳೇ ಸುಣ್ಣ. ಮೈಲುತುತ್ತ ವಿಷ. ಅದನ್ನು ಮುಟ್ಟುವುದು, ಸುರಿಯುವುದು ನಿಮ್ಮದೇ ಕೆಲಸ. ಮಕ್ಕಳು ತೂಕ ಓದಲಿ, ಹೊತ್ತು ನೋಡಲಿ, ಬರೆದುಕೊಳ್ಳಲಿ. ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು. ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಬೇಡಿ, ಮೀನು ಸಾಯುತ್ತವೆ. ನಾವು ಪಕ್ಕದ ತೋಟದವರ ಡ್ರಮ್ಮಿಗೆ ಕೊಟ್ಟೆವು. ಆ ಚಾಕು ಮತ್ತೆ ಅಡುಗೆಮನೆಗೆ ಹೋಗಕೂಡದು.

ಕಬ್ಬಿಣದ ಚಾಕುವಿನ ತುಕ್ಕನ್ನು ಮೊದಲು ಚೆನ್ನಾಗಿ ಉಜ್ಜಿ ತೆಗೆಯಿರಿ. ಹೊಸ ಸುಣ್ಣದ ಮಗ್ಗಿನಲ್ಲಿ ಒಂದೆರಡು ನಿಮಿಷ ಇಟ್ಟು ತೆಗೆದಾಗ ಅಲಗು ಹಾಗೇ ಹೊಳೆಯುತ್ತಿತ್ತು. ಹಳೇ ಸುಣ್ಣದ ಮಗ್ಗಿನಿಂದ ತೆಗೆದಾಗ ಮುಳುಗಿದ್ದಷ್ಟೂ ಭಾಗ ಕೆಂಪು. ಹೊಸ ಇಟ್ಟಿಗೆಯ ಬಣ್ಣ. ನಾನು ಕಾಗದದಿಂದ ಒರೆಸಿದರೆ ಪುಡಿ ಬರುತ್ತಿತ್ತು. ಕ್ಲಾಸು ಗಪ್‌ಚಿಪ್. ಆಮೇಲೆ ಒಬ್ಬ ಕೇಳಿದ: "ಆ ಕೆಂಪು ಎಲ್ಲಿಂದ ಬಂತು ಮೇಡಂ, ನೀರು ನೀಲಿ ಅಲ್ವಾ?"

ಪುಸ್ತಕ ತೆಗೆಯಬೇಕಾದದ್ದು ಈಗ. ಸುಣ್ಣ ಸಾಲದೆ ಹೋದರೆ ತಾಮ್ರ ನೀರಿನಲ್ಲೇ ಕರಗಿ ಉಳಿಯುತ್ತದೆ, ಕಬ್ಬಿಣ ಕರಗಿ ಆ ತಾಮ್ರವನ್ನು ಹೊರಗೆ ಹಾಕುತ್ತದೆ. ಸುಣ್ಣ ಗಾಳಿಗೆ ಬಿದ್ದು ಯಾಕೆ ಸತ್ವ ಕಳೆದುಕೊಂಡಿತು, ತಟಸ್ಥೀಕರಣ ಅಂದರೇನು, ಎಲ್ಲವನ್ನೂ ನಾನೇ ಹೇಳಿದೆ. ಶಿಕ್ಷಕರು ಏನೂ ಹೇಳಲೇಬಾರದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೇಳಿದ ಮೇಲೆ ಹೇಳಬೇಕು, ಅಷ್ಟೇ. ಆಗ ಒಬ್ಬರೂ ಆಕಳಿಸುವುದಿಲ್ಲ. ಲೆಸ್ಲಿ ಕೋಲ್ಮನ್ ಬಗ್ಗೆಯೂ ಹೇಳಿದೆ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಅವರು ನಮ್ಮ ಮಲೆನಾಡಿನ ಕೊಳೆರೋಗವನ್ನು ಕೂತು ಪರೀಕ್ಷಿಸಿ 1910ರಲ್ಲಿ ಅದರ ಬಗ್ಗೆ ಬರೆದರು.

ಎರಡನೇ ಪೀರಿಯಡ್‌ಗೆ ಮಕ್ಕಳೇ ಕೆಲಸ ಕೊಟ್ಟರು. ಕೆಟ್ಟ ಮಗ್ಗಿಗೆ ಇನ್ನೆಷ್ಟು ಸುಣ್ಣ ಹಾಕಿದರೆ ಸರಿಯಾಗುತ್ತದೆ? ಗುಂಪಿನವರು ಹೇಳಿದ ಹಾಗೆ ನಾನು ಒಂದೊಂದೇ ಚಮಚ ಸುಣ್ಣದ ನೀರು ಹಾಕುವುದು, ಪ್ರತಿ ಸಲ ಚಾಕು ಉಜ್ಜಿ ಅದ್ದುವುದು. ಒಂದು ಗುಂಪು ಚಾಕು ಉಜ್ಜಲು ಹೇಳುವುದನ್ನು ಮರೆತು ತಪ್ಪು ಲೆಕ್ಕ ಬರೆಯಿತು. ನಾನು ತಿದ್ದಲಿಲ್ಲ. ಪಕ್ಕದ ಗುಂಪಿನ ಲೆಕ್ಕಕ್ಕೆ ಹೋಲಿಸಿ ಅವರೇ ಹಿಡಿದರು.

ಪಾಠ ಮುಗಿಸೋದು ಹೇಗೆ ಅಂತೀರಾ? ವರ್ಷಕ್ಕೆ ನಾಲ್ಕೈದು ಪಾಠ ಮಾತ್ರ ಹೀಗೆ ಮಾಡುತ್ತೇನೆ, ಉಳಿದದ್ದು ಮಾಮೂಲಿನ ಹಾಗೆ. ಸುಮ್ನೆ ಚಾರ್ಟಿಗೆ ಚಿತ್ರ ಅಂಟಿಸಿ ಚಟುವಟಿಕೆ ಅನ್ನುವುದಕ್ಕಿಂತ ಇದು ಎಷ್ಟೋ ಮೇಲು. ಅಂಟಿಸುವಾಗ ಕೈಗೆ ಕೆಲಸ ಇರುತ್ತದೆ, ತಲೆಗೆ ಇರುವುದಿಲ್ಲ.

ಬರುವ ಜೂನಿಗೆ ಮಾಡುವುದಾದರೆ ಬೇಸಿಗೆ ರಜೆಗೆ ಮುಂಚೆಯೇ ಎರಡು ಪೊಟ್ಟಣ ಸುಣ್ಣ ತನ್ನಿ. ಒಂದನ್ನು ಗಾಳಿ ಆಡದ ಹಾಗೆ ಡಬ್ಬಿಗೆ ಹಾಕಿ ಮುಚ್ಚಿ. ಇನ್ನೊಂದನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮಕ್ಕಳ ಕೈಗೆ ಸಿಗದ ಹಾಗೆ ಕಪಾಟಿನ ಮೇಲೆ ಇಟ್ಟು ಹೋಗಿ.