ಕೊಡಗಿನಿಂದ ಚಿಲಿಕಾಗೆ ಹಕ್ಕಿ ನೋಡಲು ಹೊರಟವರಿಗೆ

ಮೊದಲ ತಲೆನೋವು ತಾರೀಕಿನದು. ಒಡಿಶಾದ ಚಿಲಿಕಾ ಸರೋವರಕ್ಕೆ ವಲಸೆ ಹಕ್ಕಿಗಳು ಅಕ್ಟೋಬರ್‌ನಿಂದ ಬರಲು ಶುರುಮಾಡುತ್ತವೆ, ಡಿಸೆಂಬರ್ ಜನವರಿಯಲ್ಲಿ ತುಂಬಿರುತ್ತವೆ, ಮಾರ್ಚ್ ಹೊತ್ತಿಗೆ ಜಾಸ್ತಿಯವು ಹೊರಟುಹೋಗಿರುತ್ತವೆ. ನಮ್ಮಲ್ಲಿ ಪುತ್ತರಿ, ಗದ್ದೆ ಕೊಯ್ಲು, ಕಾಫಿ ಕುಯ್ಲು ಎಲ್ಲವೂ ಅದೇ ತಿಂಗಳುಗಳಲ್ಲೇ ಬರಬೇಕು! ತೋಟ ಇರುವವರು ಅರೇಬಿಕಾ ಮುಗಿದು ರೋಬಸ್ಟಾ ಜೋರಾಗುವ ಮೊದಲು ಸಿಗುವ ಬಿಡುವನ್ನು ಹಿಡಿಯಿರಿ. ಕೆಲಸಕ್ಕೆ ಆಳು ಸಿಕ್ಕರೆ ಮಾತ್ರ ಆ ಬಿಡುವು ಅಂತ ಬೇರೆ ಹೇಳಬೇಕಾಗಿಲ್ಲ.

ಜಿಲ್ಲೆಗೆ ರೈಲಿಲ್ಲ, ಹಾಗಾಗಿ ಹೇಗಿದ್ದರೂ ಬೆಂಗಳೂರಿಗೆ ಹೋಗಬೇಕು. ಅಲ್ಲಿಂದ ಭುವನೇಶ್ವರಕ್ಕೆ ವಿಮಾನವೂ ಇದೆ, ರೈಲೂ ಇದೆ.

ಈಗ ಎಲ್ಲಿ ನೋಡುವುದು ಅನ್ನುವ ಮಾತು. ಚಿಲಿಕಾ ಅಂದರೆ ಸಿಹಿನೀರು, ಉಪ್ಪುನೀರು ಬೆರೆಯುವ ಸಾವಿರ ಚದರ ಕಿಲೋಮೀಟರ್ ಆಸುಪಾಸಿನ ಲಗೂನ್. ಪೂರ್ತಿ ನೋಡಿಬರುತ್ತೇವೆ ಅಂತ ದೊಡ್ಡ ಮೋಟಾರ್ ದೋಣಿ ಹತ್ತಿದರೆ ಬರೀ ನೀರು ನೋಡಿ ಬರುತ್ತೀರಿ. ನನ್ನ ಕೇಳಿದರೆ ಉತ್ತರ ಅಂಚಿನ ಮಂಗಳಜೋಡಿ ಹಳ್ಳಿಯಲ್ಲೇ ಉಳಿಯಿರಿ. ಭುವನೇಶ್ವರದಿಂದ ಸುಮಾರು 70 ಕಿ.ಮೀ. ಅಲ್ಲಿ ಜೊಂಡು ತುಂಬಿದ ಜೌಗು, ಮೊಣಕಾಲು ಮಟ್ಟದ ನೀರು, ಚಪ್ಪಟೆ ನಾಡದೋಣಿ. ಮೋಟಾರ್ ಇಲ್ಲ, ಬಿದಿರಿನ ಗಳ ಊರಿ ತಳ್ಳುತ್ತಾರೆ. ಅದಕ್ಕೇ ಹಕ್ಕಿ ಹತ್ತಿರದಲ್ಲೇ ಮೇಯುತ್ತಿದ್ದರೂ ಏಳುವುದಿಲ್ಲ.

ಇಲ್ಲಿನ ಗೈಡ್‌ಗಳ ಕಥೆ ಗೊತ್ತಿರಬೇಕು. ಒಂದು ಕಾಲದಲ್ಲಿ ಈ ಹಳ್ಳಿ ಹಕ್ಕಿ ಬೇಟೆಗೆ ಹೆಸರಾಗಿತ್ತು. 2000ದ ಸುಮಾರಿಗೆ ಬೇಟೆಗಾರರೇ ಬೇಟೆ ಬಿಟ್ಟು ಕಾವಲಿಗೆ ನಿಂತರು, ಆಮೇಲೆ ಗೈಡ್‌ಗಳಾದರು. ಯಾವ ಹಕ್ಕಿ ಯಾವ ಹೊತ್ತಿಗೆ ಯಾವ ಜೊಂಡಿನ ಸಂದಿಯಿಂದ ಹೊರಗೆ ಬರುತ್ತದೆ ಅನ್ನುವುದು ಅವರಿಗೆ ಬೇಟೆಯ ಕಾಲದಿಂದಲೇ ಗೊತ್ತು. ಆದ್ದರಿಂದ ಹೊರಗಿನ ಟೂರ್ ಕಂಪನಿಯ ಗೈಡ್ ಜೊತೆಗಿದ್ದರೂ, ಹಳ್ಳಿಯ ಗೈಡ್ ಒಬ್ಬರು ದೋಣಿಯಲ್ಲಿ ಇರಲೇಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಎಷ್ಟು ಗಂಟೆ, ದೋಣಿಗೆ ಎಷ್ಟು ಜನ, ಬೆಳಿಗ್ಗೆ ಎಷ್ಟಕ್ಕೆ ಹೊರಡುತ್ತಾರೆ ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ. ಒಂದು ದೋಣಿಗೆ ಮೂರ್ನಾಲ್ಕು ಜನ ಸಾಕು. ಮಾತು ಒಡಿಯಾ, ಒಂದಿಷ್ಟು ಹಿಂದಿ. ನಮ್ಮ ಹಿಂದಿಯೂ ಅಷ್ಟಕ್ಕಷ್ಟೇ ಅಲ್ವಾ, ಆದರೆ ಹಕ್ಕಿಯ ಇಂಗ್ಲಿಷ್ ಹೆಸರು ಅವರಿಗೆ ಬಾಯಿಪಾಠ, ತೊಂದರೆ ಆಗುವುದಿಲ್ಲ. ದೋಣಿಯ ಮೂತಿಯನ್ನು 12 ಗಂಟೆ ಅಂದುಕೊಂಡು "10 ಗಂಟೆಗೆ", "2 ಗಂಟೆಗೆ" ಅಂತ ದಿಕ್ಕು ಹೇಳುವುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಕೈ ಎತ್ತಿ ತೋರಿಸಿದರೆ ಹಕ್ಕಿ ಹಾರುತ್ತದೆ.

ಕೊಡಗಿನವರಿಗೆ ನಿಜವಾಗಿ ಕಷ್ಟ ಆಗುವುದು ಬೇರೆ ಕಡೆ. ನಮ್ಮ ಅಭ್ಯಾಸವೆಲ್ಲ ಕಿವಿಯದು. ತೋಟದಲ್ಲಿ ಮಲಬಾರ್ ವಿಸ್ಲಿಂಗ್ ಥ್ರಶ್ ಶಿಳ್ಳೆ ಕೇಳುತ್ತೇವೆ, ಮಂಗಟ್ಟೆಯ ರೆಕ್ಕೆ ಸದ್ದು ಕೇಳಿ ತಲೆ ಎತ್ತುತ್ತೇವೆ. ಲಗೂನ್‌ನಲ್ಲಿ ಕಿವಿಗಿಂತ ಕಣ್ಣಿಗೆ ಕೆಲಸ ಜಾಸ್ತಿ. ಬಯಲು ನೀರು, ನೂರಾರು ಹಕ್ಕಿ, ಎಲ್ಲವೂ ಕಂದು. ಹಾಗಾದಾಗ ಗುಂಪಿನಲ್ಲಿ ಗೊತ್ತಿರುವ ಒಂದು ಹಕ್ಕಿಯನ್ನು, ಬೆಳ್ಳಕ್ಕಿಯನ್ನೇ ಆಗಲಿ, ಅಳತೆಗೆ ಇಟ್ಟುಕೊಳ್ಳಿ, ಪಕ್ಕದ್ದು ಅದಕ್ಕಿಂತ ದೊಡ್ಡದೋ ಸಣ್ಣದೋ ನೋಡಿ. ಆಮೇಲೆ ಕೊಕ್ಕು. ಉದ್ದ ನೇರ ಕೊಕ್ಕು, ಹಾರಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಬಾಲದ ತುದಿ ಕಪ್ಪು ಇದ್ದರೆ ಬ್ಲ್ಯಾಕ್ ಟೇಲ್ಡ್ ಗಾಡ್‌ವಿಟ್, ಇಲ್ಲಿ ದೊಡ್ಡ ಹಿಂಡುಗಳಲ್ಲಿ ಸಿಗುತ್ತದೆ. ಚಾಕೊಲೇಟ್ ಬಣ್ಣದ ತಲೆ, ಕತ್ತಿನಲ್ಲಿ ಬಿಳಿ ಗೆರೆ, ಸೂಜಿಯಂಥ ಬಾಲ ಇದ್ದರೆ ಗಂಡು ಪಿನ್‌ಟೇಲ್ ಬಾತು. ದೇವನಕ್ಕಿ, ಜಂಬುಕೋಳಿಗಳನ್ನು ಹುಡುಕಬೇಕಾಗಿಲ್ಲ, ಅವು ಕಾಲಡಿಗೇ ಬರುತ್ತವೆ. ಜೊಂಡಿನಲ್ಲೇ ಅಡಗಿರುವ ಕ್ರೇಕ್ ಹಕ್ಕಿ ಬೇಕಿದ್ದರೆ ಮಾತ್ರ ದೋಣಿ ನಿಲ್ಲಿಸಿ ಜೊಂಡಿನ ಬುಡ ನೋಡುತ್ತಾ ಕೂರಬೇಕು.

ಬೆಳಕಿನ ಲೆಕ್ಕ ಮರೆಯಬೇಡಿ. ಅಲ್ಲಿ ಸೂರ್ಯ ನಮ್ಮಲ್ಲಿಗಿಂತ ಬೇಗ ಹುಟ್ಟಿ ಬೇಗ ಮುಳುಗುತ್ತಾನೆ, ಡಿಸೆಂಬರ್ ಕೊನೆಯಲ್ಲಿ ಸಂಜೆ 5.30 ದಾಟಿದರೆ ದೋಣಿಯಲ್ಲಿ ಏನೂ ಕಾಣುವುದಿಲ್ಲ. ಮಡಿಕೇರಿ ಸಂಜೆಯ ಲೆಕ್ಕದಲ್ಲಿ 4.30ಕ್ಕೆ ನಿಧಾನಕ್ಕೆ ಹೊರಟರೆ ಕೆಟ್ಟಿರಿ, ಮೂರಕ್ಕೇ ನೀರಿನಲ್ಲಿರಿ. ಬೆಳಿಗ್ಗೆ ಬೆಳಕು ಹರಿಯುವಾಗಲೇ ದೋಣಿ ಹತ್ತಿ, ಸೂರ್ಯ ನಿಮ್ಮ ಬೆನ್ನಿಗೆ ಇರುವಂತೆ ತಳ್ಳಲು ಹೇಳಿ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗಿ ಫೋಟೋ ಮಸುಕಾಗುತ್ತದೆ.

ಬೈನಾಕ್ಯುಲರ್ 8x42 ತನ್ನಿ, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು. ದೋಣಿ ಅಲ್ಲಾಡುವಾಗ 10x ಇನ್ನೂ ಜಾಸ್ತಿ ನಡುಗುತ್ತದೆ, ಸ್ಟ್ಯಾಂಡ್ ಮೇಲಿಟ್ಟು ನೋಡುವ ದುರ್ಬೀನು, ಸ್ಪಾಟಿಂಗ್ ಸ್ಕೋಪ್ ಅಂತೂ ದೋಣಿಯಲ್ಲಿ ಸುಮ್ನೆ ಭಾರ. ಟೋಪಿ, ನೀರು, ಮಂಕು ಬಣ್ಣದ ಬಟ್ಟೆ ಸಾಕು. ದೋಣಿಯಲ್ಲಿ ಶೌಚಾಲಯ ಇರುವುದಿಲ್ಲ, ಹೊರಡುವ ಮೊದಲು ಕಾಫಿ ಮಿತಿಯಲ್ಲಿರಲಿ.

ಹಾರುವ ಫೋಟೋ ಬೇಕು, ಹಿಂಡನ್ನು ಎಬ್ಬಿಸು ಅಂತ ದೋಣಿಯವನಿಗೆ ಯಾವತ್ತೂ ಹೇಳಬೇಡಿ. ಬೇರೆ ಯಾರಾದರೂ ಹೇಳಿದರೂ ತಡೆಯಿರಿ. ಸಾವಿರಾರು ಕಿಲೋಮೀಟರ್ ವಾಪಸು ಹಾರಲು ಬೇಕಾದ ಕೊಬ್ಬನ್ನು ಅವು ಇಲ್ಲೇ ತಿಂದು ಸೇರಿಸಿಕೊಳ್ಳಬೇಕು, ಸಲಸಲಕ್ಕೂ ಎಬ್ಬಿಸಿದರೆ ಅದೇ ಕರಗುತ್ತದೆ. ಕಾದು ಕೂತರೆ ಮಾರ್ಷ್ ಹ್ಯಾರಿಯರ್ ಗಿಡುಗ ತಾನೇ ಬಂದು ಎಬ್ಬಿಸುತ್ತದೆ.

ಮೊದಲ ಸಲ ಹೋಗುವವರು ಅದಕ್ಕೆ ಮುಂಚೆ ರಂಗನತಿಟ್ಟಿನಲ್ಲಿ ಒಂದು ಬೆಳಿಗ್ಗೆ ದೋಣಿ ಹತ್ತಿ, ಅಲುಗಾಡುವ ದೋಣಿಯಲ್ಲಿ ಬೈನಾಕ್ಯುಲರ್ ಹಿಡಿಯುವುದು ಅಭ್ಯಾಸವಾಗುತ್ತದೆ. ಇನ್ನು ಚಿಲಿಕಾದ ಇರವಾಡಿ ಡಾಲ್ಫಿನ್ ನೋಡಬೇಕು ಅಂತ ಮನೆಯವರು ಹಟ ಹಿಡಿದರೆ, ಅದಕ್ಕೆ ಸಮುದ್ರದ ಕಡೆಯ ಸಾತಪಡಾಗೆ ಹೋಗಬೇಕು. ಬೇರೆ ದಿನ ಇಟ್ಟುಕೊಳ್ಳಿ, ಒಂದೇ ದಿನದಲ್ಲಿ ಎರಡನ್ನೂ ತುರುಕಿದರೆ ಅರ್ಧ ದಿನ ಕಾರಿನಲ್ಲೇ ಹೋಗುತ್ತದೆ.