ಚರ್ಮದ ಜೀವಕೋಶವನ್ನು ಯಕೃತ್ತಿನ ಕೋಶದಂತೆ ಮಾರ್ಪಡಿಸುವ ಕ್ರಮ

ಬೆಳಗಾವಿಯಲ್ಲಿ ಕೋಶ ಕೃಷಿಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು ಮೊದಲು ಅರಿಯಬೇಕಾದ ಸಂಗತಿಯೆಂದರೆ, ಈ ವಿಧಾನದಲ್ಲಿ ಚರ್ಮದ ಫೈಬ್ರೊಬ್ಲಾಸ್ಟ್ ಕೋಶವು (ಅಂಗಾಂಶಕ್ಕೆ ಆಧಾರ ನೀಡುವ ಕೋಶ) ಕಾಂಡಕೋಶದ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶದ, ಹಂತಕ್ಕೆ ಮರಳದೆ ನೇರವಾಗಿ ಯಕೃತ್ತಿನ ಕೋಶದ ಗುಣಗಳನ್ನು ಪಡೆಯುತ್ತದೆ. 2011ರಲ್ಲಿ ಚೀನಾ ಮತ್ತು ಜಪಾನಿನ ತಂಡಗಳು ಇಲಿಯ ಕೋಶಗಳಲ್ಲಿ ಇದನ್ನು ಸಾಧಿಸಿದವು. 2014ರಲ್ಲಿ ಮಾನವ ಕೋಶಗಳ ಫಲಿತಾಂಶವೂ ಪ್ರಕಟವಾಯಿತು.

ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ಪಡೆದ ಬಳಿಕ, ಎರಡನೇ ಹಂತದ ಸುರಕ್ಷತೆಯುಳ್ಳ ಪ್ರಯೋಗಾಲಯದಲ್ಲಿ, ಯಕೃತ್ತಿನ ಕೋಶದ ಗುಣಗಳನ್ನು ಚಾಲನೆಗೊಳಿಸುವ ಫಾಕ್ಸ್‌ಎ3, ಎಚ್‌ಎನ್‌ಎಫ್‌1ಎ ಮತ್ತು ಎಚ್‌ಎನ್‌ಎಫ್‌4ಎ ಜೀನ್‌ಗಳನ್ನು ಲೆಂಟಿವೈರಸ್ ಎಂಬ, ಜೀನ್ ಸಾಗಿಸುವ ವೈರಸ್ ಮೂಲಕ ಕೋಶಗಳೊಳಗೆ ಸೇರಿಸಬೇಕು. ಈ ಜೀನ್‌ಗಳಿಲ್ಲದ ವೈರಸ್ ಹಾಕಿದ ಇನ್ನೊಂದು ತಟ್ಟೆಯನ್ನು ಹೋಲಿಕೆಗಾಗಿ ತಪ್ಪದೆ ಇಡಬೇಕು. ನಂತರ ಕೊಲಾಜೆನ್ ಲೇಪಿಸಿದ ತಟ್ಟೆಯಲ್ಲಿ, ಯಕೃತ್ತಿನ ಕೋಶಗಳಿಗೆ ಒಗ್ಗುವ ಪೋಷಕ ದ್ರಾವಣದೊಂದಿಗೆ, 37 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 5 ಇಂಗಾಲದ ಡೈಆಕ್ಸೈಡ್‌ನಲ್ಲಿ ಬೆಳೆಸಬೇಕು. ನಮ್ಮ ಊರಿನ ಮಳೆಗಾಲದ ತೇವದಲ್ಲಿ ಬೂಷ್ಟು ಬೇಗ ಹಿಡಿಯುವುದರಿಂದ ಇನ್‌ಕ್ಯುಬೇಟರಿನ ನೀರಿನ ತಟ್ಟೆಯನ್ನು ಆಗಾಗ ಶುಚಿಗೊಳಿಸಬೇಕು.

ಉದ್ದನೆಯ ಕೋಶಗಳು ಬಹುಭುಜಾಕಾರಕ್ಕೆ ತಿರುಗಿದೊಡನೆ ಸಂತೋಷವಾಗುವುದು ಸಹಜ. ಆದರೆ ಆಕಾರವೊಂದನ್ನೇ ನಂಬಬಾರದು. ಯಕೃತ್ತು ತಯಾರಿಸುವ ಅಲ್ಬುಮಿನ್ ಪ್ರೋಟೀನಿನ ಸ್ರವಿಕೆ, ಸಕ್ಕರೆಯ ಶೇಖರಣಾ ರೂಪವಾದ ಗ್ಲೈಕೊಜೆನ್ ಸಂಗ್ರಹ ಮತ್ತು ಔಷಧಗಳನ್ನು ವಿಭಜಿಸುವ ಸೈಟೊಕ್ರೋಮ್ ಪಿ450 ಕಿಣ್ವಗಳ ಚಟುವಟಿಕೆಯನ್ನು ಅಳೆದು, ನಿಜವಾದ ಯಕೃತ್ತಿನ ಕೋಶಗಳೊಂದಿಗೆ ಹೋಲಿಸಬೇಕು. ಭ್ರೂಣದ ಯಕೃತ್ತು ತಯಾರಿಸುವ ಆಲ್ಫಾ ಫೀಟೊಪ್ರೋಟೀನ್ ಹೆಚ್ಚಾಗಿ ಕಂಡುಬಂದರೆ ಕೋಶಗಳು ಇನ್ನೂ ಪೂರ್ಣವಾಗಿ ಬಲಿತಿಲ್ಲವೆಂದು ತಿಳಿಯಬೇಕು.